ಮಹಜರು ಎಂಬ ದೊಡ್ಡ ಮನುಷ್ಯರು

ಬೆಳಗಿನ ಪೇಪರಿನಲ್ಲಿ ನಾನು ಮೊದಲು ಓದುವುದು ಮುಖಪುಟವನ್ನಲ್ಲ. ಅಲ್ಲಿ ಬದುಕಿರುವ ದೊಡ್ಡವರ ಸುದ್ದಿ ಇರುತ್ತದೆ. ಅವರು ನಾಳೆಯೂ ಅದನ್ನೇ ಹೇಳುವುದರಿಂದ ನಾಳೆ ಓದಿದರೂ ನಡೆಯುತ್ತದೆ. ನಾನು ನೇರ ಒಳಪುಟಕ್ಕೆ ಹೋಗುತ್ತೇನೆ. ಅಲ್ಲಿ ಕೆಳಗಡೆ, ಬಟ್ಟೆ ಅಂಗಡಿಯ ಜಾಹೀರಾತಿನ ಪಕ್ಕದಲ್ಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಊರಿನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ನಾಲ್ಕೈದು ಸಾಲಿನ ಸುದ್ದಿಗಳಿರುತ್ತವೆ. ಒಬ್ಬರು ಮರದಿಂದ ಬಿದ್ದಿರುತ್ತಾರೆ, ಒಬ್ಬರು ಹೊಳೆಗೆ ಇಳಿದವರು ಹತ್ತಿರುವುದಿಲ್ಲ. ಇಡೀ ಒಂದು ಆಯುಷ್ಯಕ್ಕೆ ನಾಲ್ಕೂವರೆ ಸಾಲು, ಸೀರೆಗೆ ಅರ್ಧ ಪುಟ.

"ನಿಮ್ಮ ಹೆಸರು ಉಂಟಾ ಅಂತ ನೋಡುವುದಾ?" ಎಂದು ನನ್ನ ಹೆಂಡತಿ ಸುಮತಿ ಕಾಫಿ ಇಡುತ್ತಾ ಕೇಳುತ್ತಾಳೆ.

"ಇವತ್ತು ಇಲ್ಲ."

"ಹಾಗಾದರೆ ಎದ್ದು ಸ್ನಾನ ಮಾಡಿ."

ಈ ಸುದ್ದಿಗಳಲ್ಲಿ ಒಂದು ಮಾತು ಹಾಲಿನವನಿಗಿಂತ ಕ್ರಮವಾಗಿ ಬರುತ್ತದೆ: "ಜೀವನದಲ್ಲಿ ಜಿಗುಪ್ಸೆಗೊಂಡು." ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವನು. ಹಿಂದಿ ಕಲಿಯಬೇಕಾಗಿ ಬಂದ ನಮ್ಮ ತುಳು ಮಕ್ಕಳ ಮುಖಗಳನ್ನು ದಿನಕ್ಕೆ ಆರು ಪೀರಿಯಡ್ಡು ನೋಡಿದ್ದೇನೆ. ಆದ್ದರಿಂದ ಜಿಗುಪ್ಸೆ ಎಂದರೆ ಏನೆಂದು ನನಗೆ ಸಾಕಷ್ಟು ಗೊತ್ತು. ಆದರೆ ಆ ಶಬ್ದವನ್ನು ಬದುಕಿರುವ ಯಾರೂ ಬಾಯಿಬಿಟ್ಟು ಆಡಿದ್ದನ್ನು ಕೇಳಿಲ್ಲ. ನಮ್ಮಲ್ಲಿ ಬದುಕಿರುವಾಗ ಎಲ್ಲರಿಗೂ ಆಗುವುದು ಬರೀ "ಬೇಜಾರು". ಸತ್ತ ಮೇಲೆ ಮಾತ್ರ ಅದು ಒತ್ತಕ್ಷರ ಸಮೇತ ಜಿಗುಪ್ಸೆಯಾಗಿಬಿಡುತ್ತದೆ. ಸತ್ತವರು ಹೇಳಿ ಹೋದದ್ದಲ್ಲ, ಮನೆಯವರು ಅಷ್ಟು ಶುದ್ಧ ಕನ್ನಡ ಆಡುವವರಲ್ಲ. ಹಾಗಾದರೆ ಪೇಪರಿನವರಿಗೆ ಹೇಳಿದ್ದು ಯಾರು? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತುಂಟು. ಹೇಳಿದ್ದು ಮಹಜರು.

ಮಹಜರಿನ ಜೊತೆ ನನ್ನ ಪರಿಚಯ ಬಹಳ ಹಳೆಯದು. ಮುಂಡಾಜೆಯ ನನ್ನ ಅಜ್ಜನ ಮನೆಯ ಹತ್ತಿರ ಒಬ್ಬರು ತಾಳೆಮರದಿಂದ ಬಿದ್ದು ತೀರಿಕೊಂಡಾಗ ನಾನು ಎರಡನೇ ಕ್ಲಾಸು. ಬೆಳಗಿನಿಂದ ಮನೆಯಲ್ಲಿ ಒಂದೇ ಮಾತು. "ಮಹಜರು ಆಗದೆ ಮುಟ್ಟುವ ಹಾಗಿಲ್ಲವಂತೆ." "ಮಹಜರು ಎಷ್ಟು ಹೊತ್ತಿಗೋ." "ಮಹಜರು ಆದ ಮೇಲೆಯೇ ಊಟ." ನಮ್ಮ ಊರಿನಲ್ಲಿ ರಾಯರು, ಭಟ್ಟರು, ಶೆಟ್ಟರು, ಬಲ್ಲಾಳರು ಎಲ್ಲ ಇದ್ದರು. ಹಾಗೆಯೇ ಮಹಜರು ಎಂಬ ಒಬ್ಬ ದೊಡ್ಡ ಮನುಷ್ಯರು ಇರಬೇಕೆಂದು ನಾನು ನಂಬಿದೆ. ಅವರು ಬಂದು ನೋಡದೆ ಯಾರೂ ಪೂರ್ತಿ ಸತ್ತ ಹಾಗಲ್ಲ ಎಂದ ಮೇಲೆ ಅವರ ಅಧಿಕಾರ ಸಣ್ಣದಲ್ಲ. ಅವರಿಗೆ ದಪ್ಪ ಮೀಸೆಯನ್ನೂ ಬೆಳ್ಳಿ ಹಿಡಿಕೆಯ ಕೊಡೆಯನ್ನೂ ನಾನೇ ಕೊಟ್ಟುಕೊಂಡು ಬೇಲಿಯ ದಣಪೆಯ ಹತ್ತಿರ ಕಾದು ನಿಂತೆ. ಮಧ್ಯಾಹ್ನದ ಹೊತ್ತಿಗೆ ಕೋಟು ಹಾಕಿದ ಒಬ್ಬರು ಬಂದರು. ನಾನು ಒಳಗೆ ಓಡಿ "ಮಹಜರು ಬಂದರು!" ಎಂದು ಕೂಗಿದೆ. ಅಜ್ಜ ಗಡಬಡಿಸಿ ಎದ್ದು ಹೆಗಲಿನ ಬೈರಾಸು ಸರಿಮಾಡಿಕೊಂಡರು. ಬಂದವರು ದನದ ಆಸ್ಪತ್ರೆಯ ಕಂಪೌಂಡರು. ನಮ್ಮ ಗಬ್ಬದ ಎಮ್ಮೆಯನ್ನು ನೋಡಲು ಬಂದಿದ್ದರು. ಆಮೇಲೆ ಎಷ್ಟೋ ವರ್ಷ ನನ್ನನ್ನು ಕಂಡಾಗಲೆಲ್ಲ ನೆಂಟರು "ಮಹಜರು ಬಂದರಾ?" ಎಂದು ಕೇಳುತ್ತಿದ್ದರು. ಬಂಧುಗಳ ನೆನಪುಶಕ್ತಿ ಇಂಥದಕ್ಕೆ ಮಾತ್ರ ಚೆನ್ನಾಗಿರುತ್ತದೆ.

ಮೇಷ್ಟರಾದ ಮೇಲೆ ನಿಘಂಟು ತೆಗೆದು ನೋಡಿದೆ. ಮಹಜರು ಅರಬ್ಬೀ ಮೂಲದ್ದು, ನಾವು ದಿನಾ ಕ್ಲಾಸಿನಲ್ಲಿ ಕರೆಯುವ ಹಾಜರಿಯ ಒಡಹುಟ್ಟು. ಹಾಜರಿರುವುದು, ಹಾಜರಿರುವ ಜಾಗ, ಆಮೇಲೆ ಆ ಜಾಗದಲ್ಲಿ ಹಾಜರಿದ್ದವರು ರುಜು ಹಾಕಿದ ಕಾಗದ. ಪಾರ್ಸಿ ದರ್ಬಾರುಗಳಲ್ಲಿ ಕೆಲವು ಶತಮಾನ ಸೇವೆ ಸಲ್ಲಿಸಿ, ನಮ್ಮ ತಾಲೂಕು ಕಚೇರಿಗೆ ವರ್ಗವಾಗಿ ಬಂದಿದೆ. ಇದಕ್ಕೆ ಪಂಚನಾಮೆ ಎಂಬ ಇನ್ನೊಂದು ಹೆಸರೂ ಉಂಟು. ಅಲ್ಲಿ ಪಂಚ ಸಂಸ್ಕೃತದ್ದು, ನಾಮೆ ಪಾರ್ಸಿಯದ್ದು, ಅಂದರೆ ಬರಹ. ಹಿಂದೆ ಐದು ಜನ ಪಂಚರು ಕೂತು ಬರೆಸುತ್ತಿದ್ದರಂತೆ. ಈಗ ಕಾಯಿದೆಗೆ ಇಬ್ಬರು ಸಾಕು. ಉಳಿದ ಮೂವರು ಎಲ್ಲಿ ಹೋದರೆಂದು ಯಾರೂ ತನಿಖೆ ಮಾಡಿಲ್ಲ. ಇಂಗ್ಲಿಷಿನವರು ಇದನ್ನೇ ಇನ್‌ಕ್ವೆಸ್ಟ್ ಎನ್ನುತ್ತಾರೆ. ಅದು ಲ್ಯಾಟಿನ್ನಿನಿಂದ ಫ್ರೆಂಚಿಗೆ ಬಂದು, ಅಲ್ಲಿಂದ ಕಡಲು ದಾಟಿದ್ದು. ಒಳಹೊಕ್ಕು ವಿಚಾರಿಸುವುದು ಎಂದು ಅರ್ಥ. ಒಟ್ಟಿನಲ್ಲಿ ನಮ್ಮವರು ಸಾಯುವುದು ತುಳುವಿನಲ್ಲಿ. ಅದನ್ನು ಇಂಗ್ಲಿಷ್ ಕಾಯಿದೆಯ ಪ್ರಕಾರ, ಅರಬ್ಬೀ ಹೆಸರಿನ ಕಾಗದದಲ್ಲಿ, ಕನ್ನಡದಲ್ಲಿ ಬರೆಯುತ್ತಾರೆ. ಈಚೆಗೆ ಕಾಯಿದೆಯ ಹೆಸರನ್ನೂ ಸೆಕ್ಷನ್ನಿನ ನಂಬರನ್ನೂ ಬದಲಾಯಿಸಿದ್ದಾರೆ. ಸಾಯುವ ಕ್ರಮವನ್ನು ಬದಲಾಯಿಸಿದ ಬಗ್ಗೆ ಇನ್ನೂ ಆದೇಶ ಬಂದಿಲ್ಲ.

ಅಸಹಜ ಸಾವು ಸಂಭವಿಸಿದಾಗ ನೆರೆಹೊರೆಯ ಇಬ್ಬರು ಗೌರವಸ್ಥ ನಿವಾಸಿಗಳ ಎದುರಿನಲ್ಲಿ ಮಹಜರು ನಡೆಯಬೇಕೆಂದು ಕಾಯಿದೆ ಹೇಳುತ್ತದೆ. ಗೌರವಸ್ಥ ಯಾರು ಎಂದು ಅದು ಹೇಳುವುದಿಲ್ಲ. ಅನುಭವದಿಂದ ನಾನು ತಿಳಿದದ್ದು ಇಷ್ಟು: ಹಗಲು ಹೊತ್ತಿನಲ್ಲಿ ಮನೆಯಲ್ಲಿ ಸಿಗುವವನು, ಅಂಗಿಯ ಗುಂಡಿಗಳೆಲ್ಲ ಇರುವವನು, ಜೀಪಿನ ಶಬ್ದ ಕೇಳಿದಾಗ ಹಿಂಬಾಗಿಲಿನಿಂದ ಹೋಗುವಷ್ಟು ಚುರುಕಿಲ್ಲದವನು. ನಿವೃತ್ತನಾದ ಮರುವರ್ಷವೇ ನಾನು ಈ ಮೂರು ಅರ್ಹತೆಗಳನ್ನೂ ಸಂಪಾದಿಸಿದ್ದೆ. ಜೊತೆಗೆ ನನ್ನ ಅಕ್ಷರ ದುಂಡಗೆ. ಬರೆಯುವುದಕ್ಕೂ ಆಯಿತು, ರುಜುವಿಗೂ ಆಯಿತು ಎಂದು ಠಾಣೆಯವರಿಗೆ ನನ್ನ ಮೇಲೆ ವಿಶೇಷ ಪ್ರೀತಿ. ಠಾಣೆ ಯಾವುದೆಂದು ನಾನು ಹೇಳುವುದಿಲ್ಲ. ನಮ್ಮ ಊರು ಮೂರು ತಾಲೂಕುಗಳು ಸೇರುವ ಮೂಲೆಯಲ್ಲಿರುವುದರಿಂದ, ಹೇಳಿದರೂ ಅದು ತಮ್ಮದಲ್ಲ ಎಂದು ಮೂವರೂ ಹೇಳುತ್ತಾರೆ.

ಮೂರು ಮಹಜರುಗಳಿಗೆ ನಾನು ತಕರಾರಿಲ್ಲದೆ ರುಜು ಹಾಕಿದ್ದೆ. ನಾಲ್ಕನೆಯದು ಕಲ್ಯಾಣಿಯಕ್ಕನದು.

ಕಲ್ಯಾಣಿಯಕ್ಕ ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಇದ್ದವಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಬೀಡಿ ಕಟ್ಟಿಯೇ ಮನೆ ನಡೆಸಿ, ಮಗಳು ವನಜಳನ್ನು ಓದಿಸಿ, ಮದುವೆ ಮಾಡಿದ್ದಳು. ಮಡಿಲಲ್ಲಿ ಬೀಡಿ ಸೂಪು, ಅಂದರೆ ಎಲೆ ಹೊಗೆಸೊಪ್ಪಿನ ಮೊರ, ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ಅವಳ ಕೈ ಒಂದು ಕಡೆ, ಬಾಯಿ ಒಂದು ಕಡೆ ಓಡುತ್ತಿತ್ತು. ದಾರಿಯಲ್ಲಿ ಹೋಗುವವರು ಯಾರೂ ಅವಳ ಒಂದು ಮಾತು ಕೇಳದೆ ಮುಂದೆ ಹೋಗುವ ಹಾಗಿರಲಿಲ್ಲ. ನನ್ನನ್ನು ಕಂಡರೆ, "ಮಾಸ್ಟ್ರೇ, ಪೆನ್ಶನ್ ತಿಂದು ತಿಂದು ಹೊಟ್ಟೆ ಬಂತಲ್ಲ, ಸ್ವಲ್ಪ ಗದ್ದೆಗೆ ಇಳಿಯಿರಿ" ಎನ್ನುತ್ತಿದ್ದಳು. ವನಜ ನನ್ನ ವಿದ್ಯಾರ್ಥಿನಿ. ಮದುವೆಯಾದ ಮೂರನೇ ವರ್ಷ ಗಂಡನ ಮನೆಯಿಂದ ಒಂದು ಚೀಲ ಹಿಡಿದುಕೊಂಡು ವಾಪಸು ಬಂದು, ಮೂಡುಬಿದಿರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಯಾಕೆ ಬಂದಳೆಂದು ಅವಳು ಯಾರಿಗೂ ಹೇಳಲಿಲ್ಲ. ಹಾಗಾಗಿ ಊರಿನವರು ಪಾಪ, ತಾವೇ ಕಷ್ಟಪಟ್ಟು ಕಾರಣಗಳನ್ನು ಹುಡುಕಿಕೊಳ್ಳಬೇಕಾಯಿತು.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ, ನಾನು ಗುರುವಾಯನಕೆರೆಗೆ ಹೋಗಿ ಹನ್ನೊಂದು ಗಂಟೆಗೆ ಬಸ್ಸಿಳಿದಾಗ ಜನ ಗದ್ದೆಯ ಬದುವಿನಲ್ಲಿ ಓಡುತ್ತಿದ್ದರು. ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಜೊತೆಯಲ್ಲಿ ಹೋಗುವ ಅಂತ ಕರೆಯಲು ಬಂದ ನೆರೆಮನೆಯ ಹೆಂಗಸು ಬಾವಿಗೆ ಇಣುಕಿ ಕಿರುಚಿದ್ದಳು. ಬಾವಿ ಕೆಲಸ ಗೊತ್ತಿರುವ ಹಮೀದಾಕ ಹಗ್ಗ ಕಟ್ಟಿಕೊಂಡು ಇಳಿದು ಕಲ್ಯಾಣಿಯಕ್ಕನನ್ನು ಮೇಲೆ ತಂದಿದ್ದ. ತಂದು ಉಪಯೋಗವಿರಲಿಲ್ಲ. ಆಗಲೇ ಸುಮತಿ ಅಲ್ಲಿದ್ದಳು, ಕಲ್ಯಾಣಿಯಕ್ಕನ ತಲೆಯ ಹತ್ತಿರ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದು, ಕಣ್ಣೊರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು: "ನೋಡಿ, ಬೆಳಿಗ್ಗೆ ಇವಳು ನಮ್ಮ ಪಾತಾಳಗರಡಿ ಕೇಳಿಕೊಂಡು ಹೋಗಿದ್ದಳು. ನೆನಪಿಟ್ಟುಕೊಳ್ಳಿ."

ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಮನೆಮನೆಗಳಲ್ಲಿ ಪಂಪು ಬಂದ ಮೇಲೆ ಆ ಸುತ್ತಿನಲ್ಲಿ ನಮ್ಮ ಮನೆಯಲ್ಲಿ ಮಾತ್ರ ಉಳಿದಿದ್ದದ್ದು. ಅಂಥ ಹೊತ್ತಿನಲ್ಲಿ ಇವಳಿಗೆ ಕಬ್ಬಿಣದ ಚಿಂತೆ ಯಾಕೆ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು.

ಜೀಪು ಬಂತು. ಇಳಿದವರು ಎ.ಎಸ್.ಐ. ಪಾಟೀಲರು. ಬಾಗಲಕೋಟೆ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ. ಇಷ್ಟು ವರ್ಷ ಇಲ್ಲಿದ್ದರೂ ತುಳುವಿನಲ್ಲಿ ಅವರಿಗೆ ಬರುವುದು "ಎಂಚ ಉಲ್ಲರ್", ಹೇಗಿದ್ದೀರಿ, ಒಂದೇ. ಅದನ್ನು ಇಂಥ ಜಾಗದಲ್ಲಿ ಉಪಯೋಗಿಸುವಂತಿರಲಿಲ್ಲ. ಒಂದನೇ ಪಂಚರಾಗಿ ಹೋಟೆಲಿನ ಜಗನ್ನಾಥ ಶೆಟ್ರು ಸಿಕ್ಕಿದರು. ಎಷ್ಟೋ ವರ್ಷ ಮಸ್ಕತ್ತಿನಲ್ಲಿದ್ದು ಬಂದು ಪೇಟೆಯಲ್ಲಿ ಹೋಟೆಲು ಇಟ್ಟವರು. ಅವರು ಮಧ್ಯಾಹ್ನದ ಊಟದ ಹೊತ್ತಿಗೆ ಗಲ್ಲಾದಲ್ಲಿ ಕೂರಲೇಬೇಕು. ಎರಡನೇ ಪಂಚ, ಬರಹಗಾರ, ತುಳು ದುಭಾಷಿ, ಮೂರೂ ನಾನೇ.

ಪೊಲೀಸ್ ಕನ್ನಡದ ಒಂದು ಸೊಗಸುಂಟು. ಅದರಲ್ಲಿ ಎಲ್ಲವೂ "ಇರುತ್ತದೆ". ಶವವು ಅಂಗಾತನೆ ಮಲಗಿರುತ್ತದೆ. ಸದ್ರಿ ಬಾವಿಯು ಮನೆಯ ಪೂರ್ವಕ್ಕೆ ಇರುತ್ತದೆ. ಕೆಂಪುಕಲ್ಲಿನ ಕಟ್ಟೆಯು ಒಂದು ಬದಿಯಲ್ಲಿ ಕುಸಿದಿರುತ್ತದೆ, ಪಾಚಿ ಕಟ್ಟಿರುತ್ತದೆ. ಪಾಟೀಲರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕಟ್ಟೆಯ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ, ಒಂದರ ಪಕ್ಕ ಒಂದು. ಪಾಟೀಲರು ಅವನ್ನು ನೋಡಿ, ಊರಿನ ನಾಲ್ಕು ಜನರನ್ನು ಕಾರಣ ಕೇಳಿದರು. ಒಂದನೇ ಮಾತಿಗೇ ನಾಲ್ವರೂ ವನಜಳ ಕಡೆ ನೋಡಿದರು. ಹಿಂದಿನ ದಿನ ಅಮ್ಮ ಮಗಳಿಗೆ ಎರಡನೇ ಸಂಬಂಧದ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತಂತೆ. ಒಬ್ಬರು ಕೇಳಿಸಿಕೊಂಡಿದ್ದರಂತೆ, ಇಬ್ಬರು ಕೇಳಿಸಿಕೊಂಡವರಿಂದ ಕೇಳಿಸಿಕೊಂಡಿದ್ದರಂತೆ. ವನಜ ಆಗಷ್ಟೇ ಅಂಗಡಿಯಿಂದ ಯಾರದೋ ಬೈಕಿನಲ್ಲಿ ಬಂದು ಜಗಲಿಯ ಕಂಬಕ್ಕೆ ಒರಗಿದ್ದಳು. ಅಂಗಡಿಯ ಯೂನಿಫಾರ್ಮ್ ಸೀರೆಯಲ್ಲೇ ಇದ್ದಳು, ಅಳುತ್ತಿರಲಿಲ್ಲ. ಪಾಟೀಲರು ಅವಳನ್ನು ಕೇಳಿದ್ದು ಒಂದೇ: "ನಿನ್ನೆ ಜಗಳ ಆಗಿದ್ದು ಖರೇನಾ?"

"ಹೌದು" ಎಂದಳು.

"ಆತು, ಬರಕೋರಿ ಸರ" ಎಂದು ಪಾಟೀಲರು ನನ್ನ ಕಡೆ ತಿರುಗಿದರು. "ಸದ್ರಿ ಮೃತಳು ತನ್ನ ಮಗಳ ಸಂಸಾರದ ವಿಚಾರದಲ್ಲಿ ಮನನೊಂದು, ಜೀವನದಲ್ಲಿ ಜಿಗುಪ್ಸೆಗೊಂಡು..."

ನನ್ನ ಪೆನ್ನು ನಿಂತಿತು. ಧೈರ್ಯ ಬಂದದ್ದರಿಂದ ಎಂದು ತಿಳಿಯಬೇಡಿ, ಧೈರ್ಯಕ್ಕೂ ನನಗೂ ಅಷ್ಟು ಬಳಕೆ ಇಲ್ಲ. ಆ ಶಬ್ದ ಕಲ್ಯಾಣಿಯಕ್ಕನಿಗೆ ಸ್ವಲ್ಪವೂ ಹೊಂದುತ್ತಿರಲಿಲ್ಲ, ಅಷ್ಟೇ. ಅವಳಿಗೆ ಸಿಟ್ಟು ಬರುತ್ತಿತ್ತು, ನಗು ಬರುತ್ತಿತ್ತು, ಮಂಡಿನೋವು ಬರುತ್ತಿತ್ತು. ಜಿಗುಪ್ಸೆ ಬರಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಈ ಸಾಲು ನಾಡಿದ್ದು ನಾನು ಓದುವ ಪುಟದಲ್ಲಿ ಬರುತ್ತದೆ. ಆಮೇಲೆ ವನಜ ಈ ಊರಿನಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ಜನ ಆ ಸಾಲನ್ನು ಅವಳ ಮುಖದಲ್ಲಿ ಓದುತ್ತಾರೆ. ಅದನ್ನು ಬರೆದ ದುಂಡು ಅಕ್ಷರ ನನ್ನದಾಗಿರುತ್ತದೆ.

"ಸರ್, ಅದು ಹೇಗೆ ಗೊತ್ತಾಯಿತು?" ಎಂದೆ.

"ಚಪ್ಪಲ್ ನೋಡ್ರಿ. ಹಾರೋರು ಚಪ್ಪಲ್ ಬಿಟ್ಟ ಹಾರ್ತಾರ. ನನ್ನ ಸರ್ವೀಸ್ನಾಗ ಎಷ್ಟ ನೋಡೀನಿ."

"ಅವಳು ಬಾವಿಕಟ್ಟೆ ಹತ್ತುವಾಗ ಯಾವಾಗಲೂ ಚಪ್ಪಲಿ ಬಿಡುತ್ತಿದ್ದಳು ಸರ್. ಕುಡಿಯುವ ನೀರಿನ ಬಾವಿ. ನಮ್ಮಲ್ಲಿ ಎಲ್ಲರೂ ಬಿಡುತ್ತಾರೆ."

ಜಗನ್ನಾಥ ಶೆಟ್ರು ವಾಚು ನೋಡಿಕೊಂಡು ತುಳುವಿನಲ್ಲಿ ಹೇಳಿದರು: "ಮಾಸ್ಟ್ರೇ, ಬೇಗ ಮುಗಿಸುವ ಮಾರಾಯ್ರೆ. ಸತ್ತವರು ಹೇಗೂ ಬರುವುದಿಲ್ಲ. ಏನು ಬರೆದರೆ ಏನು?"

ಆಗ ನನಗೆ ಸುಮತಿ ಹೇಳಿದ್ದು ನೆನಪಾಯಿತು. ಬಾವಿಯ ಸುತ್ತ ಏನೇನು ಉಂಟೆಂದು ನಾನೇ ಪಟ್ಟಿ ಬರೆದಿದ್ದೆ. ಚಪ್ಪಲಿ, ರಾಟೆ, ಬೂದಿ ಬಟ್ಟಲು, ತೆಂಗಿನ ನಾರು, ಒಂದು ಖಾಲಿ ಹಂಡೆ. ಆ ಪಟ್ಟಿಯಲ್ಲಿ ಕೊಡಪಾನವೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ನೀರು ಸೇದುವ ಬಾವಿಯ ಹತ್ತಿರ ಕೊಡಪಾನವೇ ಇಲ್ಲ!

"ಸರ್, ನಮ್ಮ ಪಾತಾಳಗರಡಿ ಎಲ್ಲಿ?" ಎಂದು ಕೇಳಿದೆ.

ಕೇಳಿದ ಕೂಡಲೇ ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಹಣೆಗೆ ಕೈ ಹಚ್ಚಿಕೊಂಡವರೂ ಇದ್ದರು. ನನ್ನ ಇಡೀ ಸರ್ವೀಸಿನಲ್ಲಿ ಯಾವ ಕ್ಲಾಸೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಹೆಣ ಎದುರಿಗಿರುವಾಗ ತನ್ನ ಮನೆಯ ಕಬ್ಬಿಣ ಕೇಳುವ ಮೇಷ್ಟರು!

"ನಾನೊಂದು ಹೊಸತು ಕೊಡಿಸ್ತೇನೆ ಮಾಸ್ಟ್ರೇ" ಎಂದರು ಶೆಟ್ರು, ನಿಜವಾಗಿ ನೊಂದುಕೊಂಡು. "ಈಗ ಅದು ಬೇಕಾ?"

"ಬೇಕು" ಎಂದೆ. ಪಾಟೀಲರಿಗೆ ವಿವರಿಸಿದೆ. ಬೆಳಿಗ್ಗೆ ಅವಳು ಅದನ್ನು ನಮ್ಮ ಮನೆಯಿಂದ ಒಯ್ದಿದ್ದಾಳೆ. ಕೊಡಪಾನ ಬಿದ್ದರೆ ಮಾತ್ರ ಯಾರಾದರೂ ಅದನ್ನು ಒಯ್ಯುತ್ತಾರೆ. ಈಗ ಎರಡೂ ಇಲ್ಲ. ಅಂದರೆ ಎರಡೂ ಬಾವಿಯಲ್ಲಿರಬೇಕು. ಇಲ್ಲವಾದರೆ ನಾನು ತಾವು ಹೇಳಿದ ಹಾಗೆ ಬರೆಯುತ್ತೇನೆ.

"ನನಗ ಇನ್ನಾ ಎರಡ ಕಡೆ ಹೋಗೂದೈತಿ ಸರ" ಎಂದರು ಪಾಟೀಲರು.

"ಹಾಗಾದರೆ ಬೇರೆ ಪಂಚರನ್ನು ನೋಡಿ ಸರ್" ಎಂದು ಪೆನ್ನಿಗೆ ಮುಚ್ಚಳ ಹಾಕಿದೆ. ಮುಚ್ಚಳ ಎರಡು ಸಲ ತಪ್ಪಿತು. ಅದನ್ನು ಯಾರೂ ಗಮನಿಸಲಿಲ್ಲವೆಂದು ನಂಬಿದ್ದೇನೆ.

ಪಾಟೀಲರು ನನ್ನನ್ನು ನೋಡಿದರು. ಸುತ್ತ ನೋಡಿದರು. ಗೌರವಸ್ಥರೆಲ್ಲ ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರು. ಟೊಪ್ಪಿ ತೆಗೆದು ತಲೆ ಒರೆಸಿಕೊಂಡು, "ಆತು, ಇಳಸ್ರಿ" ಎಂದರು.

ಒದ್ದೆ ಲುಂಗಿಯಲ್ಲೇ ಇದ್ದ ಹಮೀದಾಕ ಮತ್ತೆ ಹಗ್ಗ ಸುತ್ತಿಕೊಂಡ. ಮುಳುಗಿದ. ಒಂದು ಸಲ ಬರಿಗೈಯಲ್ಲಿ ಮೇಲೆ ಬಂದು ಉಸಿರೆಳೆದುಕೊಂಡ. ಎರಡನೇ ಸಲವೂ ಬರಿಗೈ. ಶೆಟ್ರು ವಾಚು ನೋಡುವುದನ್ನು ಬಿಟ್ಟು ಕಟ್ಟೆಗೆ ಬಗ್ಗಿದ್ದರು. ಮೂರನೇ ಸಲ ಕೆಳಗಿನಿಂದ ಕೂಗು ಬಂತು: "ಎಳೆಯಿರಿ!"

ಮೇಲೆ ಬಂದದ್ದು ಸ್ಟೀಲಿನ ಕೊಡಪಾನ. ಅದರ ಕಂಠದಲ್ಲಿ ತುಂಡು ಹಗ್ಗ. ಆ ಹಗ್ಗಕ್ಕೆ ಭದ್ರವಾಗಿ ಕಚ್ಚಿಕೊಂಡು ನಮ್ಮ ಪಾತಾಳಗರಡಿ. ಅವಳು ಹಿಡಿದುಬಿಟ್ಟಿದ್ದಳು! ನೀರು ತುಂಬಿದ ಕೊಡಪಾನವನ್ನು ಒಬ್ಬಳೇ ಎಳೆಯುವಾಗ, ಕುಸಿದ ಬದಿಯಲ್ಲಿ, ಪಾಚಿಯ ಮೇಲೆ ಕಾಲು ಜಾರಿದೆ. ಕಲ್ಲಿನ ಅಂಚಿನಲ್ಲಿ ಪಾಚಿ ಉಜ್ಜಿಹೋದ ಒಂದು ಉದ್ದ ಗೀರು ಅಷ್ಟು ಹೊತ್ತಿನಿಂದ ನಮ್ಮೆಲ್ಲರ ಎದುರಿಗೇ ಇತ್ತು. ನಾವು ಚಪ್ಪಲಿ ನೋಡುತ್ತಿದ್ದೆವು.

ಪಾಟೀಲರು ಆ ಗೀರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಅಳೆದರು. ಆಮೇಲೆ ತಾವಾಗಿ ಮನೆಯೊಳಗೆ ಹೋಗಿ ನೋಡಿ ಬಂದರು. ಅಡುಗೆಮನೆಯ ಮೂಲೆಯಲ್ಲಿ ಆ ದಿನದ ಬೀಡಿ ಎಲೆಗಳನ್ನು ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿತ್ತು. ಒಲೆಯ ಮೇಲೆ ಗಂಜಿ ಇತ್ತು. "ಎಲಿ ನೆನಸಿಟ್ಟಾಳ" ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ನನ್ನ ಕೈಯಲ್ಲಿದ್ದ ಹಾಳೆಯನ್ನು ತಾವೇ ತೆಗೆದುಕೊಂಡು ಅರ್ಧಕ್ಕೆ ನಿಂತಿದ್ದ ಜಿಗುಪ್ಸೆಯ ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದರು. "ಹೊಸಾ ಹಾಳಿ ತಗೋರಿ ಸರ. ನೀವ ಬರೀರಿ. ಛಲೋತ್ನಂಗ ಬರೀರಿ."

ನಾನು ಬರೆದೆ. ಬಹಳ ಚೆನ್ನಾಗಿ ಬರೆದೆ ಎಂದೇ ನನ್ನ ಅಭಿಪ್ರಾಯ. "ಮೃತಳು ನೀರು ಸೇದುತ್ತಿದ್ದಾಗ ಕೊಡಪಾನವು ಆಕೆಯ ಕೈಯಿಂದ ಜಾರಿ ಬಾವಿಗೆ ಬಿದ್ದಿದ್ದು, ಅದನ್ನು ಮೇಲೆತ್ತುವ ಪ್ರಯತ್ನದಲ್ಲಿ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಮೃತಪಟ್ಟಿರುವುದಾಗಿ ಪಂಚರಾದ ನಾವು ಏಕಾಭಿಪ್ರಾಯ ಪಡುತ್ತೇವೆ." ಶೆಟ್ರು ಓದಿ ನೋಡಿ, ಮೊದಲ ಸಲ ಓದಿ ನೋಡಿ, ರುಜು ಹಾಕಿದರು. ಮರಣೋತ್ತರ ಪರೀಕ್ಷೆಯ ವರದಿಯೂ ಅದಕ್ಕೆ ಎದುರು ಹೇಳಲಿಲ್ಲ.

ಮೂರನೇ ದಿನ ಪೇಪರಿನಲ್ಲಿ "ಬಾವಿಗೆ ಬಿದ್ದು ಮಹಿಳೆ ಸಾವು" ಎಂದು ನಾಲ್ಕು ಸಾಲು ಬಂತು. ಆಕಸ್ಮಿಕವಾಗಿ ಕಾಲು ಜಾರಿ, ಎಂದಿತ್ತು. ಸ್ಕೂಲಿನ ವಾರ್ಷಿಕ ಸಂಚಿಕೆಯ ಹೊರಗೆ ಅಚ್ಚಾದ ನನ್ನ ಮೊದಲ ಬರಹ ಅದು. ಆಮೇಲೆ ನಾನು ಕೆಲವು ದಿನ ಊರಿನಲ್ಲಿ ಸ್ವಲ್ಪ ನಿಧಾನವಾಗಿ ನಡೆದೆ. ಜನರಿಗೆ ನೋಡಲು ಅನುಕೂಲವಾಗಲಿ ಎಂದು. ಶೆಟ್ರ ಹೋಟೆಲಿನಲ್ಲಿ ಪಾತಾಳಗರಡಿಯ ಕಥೆಯನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ಕೊನೆಕೊನೆಗೆ ಸಪ್ಲೈಯರು ಗೋಳಿಬಜೆ ಇಟ್ಟು, ನಾನು ಬಾಯಿ ತೆರೆಯುವ ಮೊದಲೇ ದೋಸೆಯ ಕಡೆ ಓಡುತ್ತಿದ್ದ.

ಒಂದು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ವನಜ ಬಂದಳು. ಬಹಳ ಇಳಿದುಹೋಗಿದ್ದಳು. ಕೈಯಲ್ಲಿ ಮಹಜರಿನ ಜೆರಾಕ್ಸು. ಜಗಲಿಯ ಮೆಟ್ಟಿಲಿನಲ್ಲಿ ಕೂತು, ಅದನ್ನು ಬಿಡಿಸಿ ನನ್ನ ಎದುರು ಹಿಡಿದಳು.

"ಮಾಸ್ಟ್ರೇ, ಇದರಲ್ಲಿ ಒಂದು ತಪ್ಪು ಉಂಟು."

"ತಪ್ಪಾ? ನಾನು ಬರೆದದ್ದರಲ್ಲಾ?" ಎಂದು ನಾನು ನಗುತ್ತಾ ಕನ್ನಡಕ ಹುಡುಕಿದೆ. ಕಲ್ಯಾಣಿಯ ದೀರ್ಘ ಬಿಟ್ಟಿರಬಹುದು, ಅಥವಾ ವಯಸ್ಸು. ಕೆಂಪು ಪೆನ್ನಿಗೂ ಕೈ ಹಾಕಿದ್ದೆ ಎಂದು ನೆನಪು.

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಆಕೆಯ ಕೈಯಿಂದ ಜಾರಿ ಅಂತ ಬರೆದಿದ್ದೀರಿ. ಕೊಡಪಾನ ಬೀಳಿಸಿದ್ದು ಅಮ್ಮ ಅಲ್ಲ. ನಾನು."

ನಾನು ಪೆನ್ನು ಕೆಳಗಿಟ್ಟೆ.

"ಹಗ್ಗ ಹಳತಾಗಿತ್ತು. ನಾನು ನೀರು ಎಳೆಯುವಾಗ ತುಂಡಾಗಿ ಬಿತ್ತು. ಬಸ್ಸಿಗೆ ಹೊತ್ತಾಗಿತ್ತು. ಅಮ್ಮನಿಗೆ ಒಂದು ಮಾತು ಹೇಳದೆ ಹೋದೆ ಮಾಸ್ಟ್ರೇ. ಸಂಜೆ ಬಂದು ತೆಗೆದರಾಯಿತು ಅಂತ. ಹಿಂದಿನ ದಿನ ಜಗಳ ಆಗಿತ್ತಲ್ಲ, ಮಾತಾಡ್ಲಿಕ್ಕೆ ಮನಸ್ಸಿರಲಿಲ್ಲ." ಅವಳು ಕಾಗದವನ್ನು ಮತ್ತೆ ಮೊದಲಿನ ಗೆರೆಗಳಲ್ಲೇ ಮಡಚಿದಳು. "ಎಲ್ಲರೂ ಹೇಳ್ತಾರೆ, ಮಾಸ್ಟ್ರು ನಿನ್ನನ್ನು ಉಳಿಸಿದ್ರು ಅಂತ. ಇದನ್ನು ಪೊಲೀಸರಿಗೆ ಹೇಳಬೇಕಾ? ನನಗೆ ನಿದ್ದೆ ಬರುವುದಿಲ್ಲ."

ಮಹಜರಿನಲ್ಲಿ ಗಾಯಕ್ಕೆ ಕಲಂ ಉಂಟು, ಬಟ್ಟೆಗೆ ಉಂಟು, ದೇಹದ ಮೇಲಿನ ಒಡವೆಗೆ ಉಂಟು. ಇದಕ್ಕೆ ಇಲ್ಲ. ಊರಿಡೀ ಹೇಳಿಕೊಂಡು ಬಂದ ನನ್ನ ಆ ಸತ್ಯದ ಮಧ್ಯದಲ್ಲಿ, ನಾನೇ ಊಹಿಸಿ, ದುಂಡಗಿನ ಅಕ್ಷರದಲ್ಲಿ ಬರೆದ ಒಂದು ಸುಳ್ಳು ಕೂತಿತ್ತು. ಅದನ್ನು ಹಿಡಿದುಕೊಂಡು ಈ ಹುಡುಗಿ ಒಂದು ತಿಂಗಳಿನಿಂದ ನಿದ್ದೆಗೆಟ್ಟಿದ್ದಳು.

ಸುಮತಿ ಯಾವಾಗ ಬಾಗಿಲಿಗೆ ಬಂದು ನಿಂತಿದ್ದಳೋ ತಿಳಿಯದು. ಬಂದು ವನಜಳ ಪಕ್ಕ ಮೆಟ್ಟಿಲಿನಲ್ಲಿ ಕೂತಳು.

"ಅದು ನಿನ್ನ ಅಮ್ಮನಿಗೆ ಗೊತ್ತಿತ್ತು" ಎಂದಳು.

ವನಜ ತಲೆ ಎತ್ತಿದಳು.

"ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಾಳೆ. ಪಾತಾಳಗರಡಿ ಕೇಳಲಿಕ್ಕೆ ಬಂದಾಗ ಇಲ್ಲಿಯೇ, ಈ ಮೆಟ್ಟಿಲಲ್ಲಿಯೇ ಕೂತು ಹೇಳಿದ್ದು. 'ನಮ್ಮ ಮಹಾರಾಣಿ ಕೊಡಪಾನವನ್ನು ಬಾವಿಗೆ ಬಿಟ್ಟು, ಬಗ್ಗಿ ನೋಡಿ, ಸುತ್ತ ನೋಡಿ, ಕಳ್ಳಬೆಕ್ಕಿನ ಹಾಗೆ ಬಸ್ಸಿಗೆ ಓಡಿದ್ಳು ಸುಮತಿಯಕ್ಕ. ಓಡುವಾಗ ಸೆರಗು ಬೇಲಿಗೆ ಸಿಕ್ಕಿತು. ಬಿಡಿಸಿಕೊಳ್ಳಲಿಕ್ಕೂ ಪುರುಸೊತ್ತಿಲ್ಲ, ಬೇಲಿಯ ಕೋಲನ್ನೂ ಎಳೆದುಕೊಂಡು ಓಡಿದ್ಳು. ನೀವು ನೋಡಬೇಕಿತ್ತು' ಅಂತ. ನಾವಿಬ್ಬರು ಎಷ್ಟು ನಗಾಡಿದ್ದೇವೆ ಗೊತ್ತುಂಟಾ?"

"ಬೈಯಲಿಲ್ಲವಾ?" ವನಜಳ ದನಿ ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

"ಬೈದಳು. ಸಂಜೆ ಬರಲಿ, ಉಂಟು ಅವಳಿಗೆ ಅಂದಳು. ಆಮೇಲೆ ಮೀನಿನವ ಬಂದರೆ ಒಂದು ಕೂಗು ಹಾಕಿ, ಬಂಗುಡೆ ಬೇಕು, ಅವಳು ನಿನ್ನೆಯಿಂದ ಸರಿ ಊಟ ಮಾಡಲಿಲ್ಲ ಅಂದಳು. ಚಾ ಕುಡಿದಳು. ಹೋದಳು. ನಗಾಡಿಕೊಂಡೇ ಹೋದದ್ದು."

ವನಜ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಹೆಗಲು ಅಲುಗತೊಡಗಿತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಸ್ವಲ್ಪ ಹೊತ್ತಿಗೆ ಎರಡೂ ಎಂದು ತಿಳಿಯಿತು. ಆ ಬಾವಿಯ ದಿನದಿಂದ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಸುಮತಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅಲ್ಲಿ ಹೆಚ್ಚುವರಿಯಾಗಿದ್ದ ಗೌರವಸ್ಥ ನಿವಾಸಿ ಎದ್ದು ಒಳಗೆ ಹೋಗಿ, ಚಾಕ್ಕೆ ನೀರಿಟ್ಟ. ಸಕ್ಕರೆ ಎಲ್ಲಿ ಉಂಟೆಂದು ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ನಮ್ಮಲ್ಲೇ ಉಂಡು ವನಜ ಮನೆಗೆ ಹೋದಳು. ಜೆರಾಕ್ಸು ಜಗಲಿಯಲ್ಲೇ ಉಳಿದಿತ್ತು, ಬೇಕೆಂದು ಬಿಟ್ಟು ಹೋದಳೋ ಮರೆತಳೋ. ಸುಮತಿ ಪಾತ್ರೆ ತೊಳೆಯುತ್ತಿದ್ದಳು. ನಾನು ಹೋಗಿ ಹತ್ತಿರ ನಿಂತೆ.

"ಅಲ್ಲ ಮಾರಾಯ್ತಿ, ಇಷ್ಟೆಲ್ಲ ಗೊತ್ತಿದ್ದು ಆ ದಿನ ನನಗೆ ಪಾತಾಳಗರಡಿಯ ವಿಷಯ ಮಾತ್ರ ಹೇಳಿದ್ದಾ? ಉಳಿದದ್ದನ್ನು ಯಾಕೆ ಹೇಳಲಿಲ್ಲ?"

ಅವಳು ತೊಳೆದ ತಟ್ಟೆಯನ್ನು ಕವುಚಿ ಇಟ್ಟಳು.

"ಹೇಳಿದ್ದರೆ ನೀವು ಬರೆದುಬಿಡ್ತಿದ್ದಿರಿ" ಎಂದಳು.